ಮನೆಯಲ್ಲೊಬ್ಬರಿಗೆ ಕ್ಷಯ ಬಂದಾಗ ಉಳಿದವರು ಮಾಡಬೇಕಾದ ಕೆಲಸ ಮತ್ತು ಅದರ ಕ್ರಮ

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯವಿದೆಯೆಂದು ಗೊತ್ತಾದ ದಿನ ಬಹುತೇಕ ಕುಟುಂಬಗಳು ಎರಡು ಕೆಲಸ ಮಾಡುತ್ತವೆ. ರೋಗಿಯ ತಟ್ಟೆ, ಲೋಟ, ಬಟ್ಟೆಗಳನ್ನು ಬೇರೆ ಇಡುತ್ತವೆ. ತಣ್ಣನೆಯ ಗಾಳಿಗೆ ಕೆಮ್ಮು ಹೆಚ್ಚೀತೆಂದು ಕೋಣೆಯ ಕಿಟಕಿಯನ್ನು ಮುಚ್ಚುತ್ತವೆ. ಮೊದಲನೆಯದರಿಂದ ಯಾವ ಪ್ರಯೋಜನವೂ ಇಲ್ಲ; ಎರಡನೆಯದರಿಂದ ನೇರ ಹಾನಿಯಿದೆ. ಅದೇ ಸೂರಿನಡಿ ತಿಂಗಳುಗಟ್ಟಲೆ ಅದೇ ಗಾಳಿಯನ್ನು ಉಸಿರಾಡಿದ ಉಳಿದವರ ಸ್ಥಿತಿ ಏನು ಎಂಬ ಪ್ರಶ್ನೆ ಮಾತ್ರ ಹಿಂದೆ ಬೀಳುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಮನೆಯ ಮಗುವೋ, ಆರೈಕೆ ಮಾಡಿದ ಸೊಸೆಯೋ ಕೆಮ್ಮಲಾರಂಭಿಸಿದಾಗ ಎಲ್ಲರೂ ವಿಧಿಯನ್ನು ದೂರುತ್ತಾರೆ. ಈ ಎರಡನೆಯ ಕಾಯಿಲೆಯನ್ನು ಬಹಳಷ್ಟು ಮನೆಗಳಲ್ಲಿ ತಡೆಯಬಹುದಿತ್ತು. ಅದಕ್ಕೆ ಬೇಕಾದ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ತಪ್ಪುವುದು ಹೆಚ್ಚಾಗಿ ಕ್ರಮದಲ್ಲಿ.

## ಮೊದಲು ತಿಳಿದಿರಬೇಕಾದದ್ದು: ಸೋಂಕು ಬೇರೆ, ಕಾಯಿಲೆ ಬೇರೆ

ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತನಾಡಿದಾಗ ಹೊರಬರುವ ಅತಿ ಸೂಕ್ಷ್ಮ ಹನಿಗಳಲ್ಲಿ ರೋಗಾಣುಗಳಿರುತ್ತವೆ. ಗಾಳಿಯಾಡದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತಿರುತ್ತವೆ ಮತ್ತು ಉಸಿರಿನ ಮೂಲಕವೇ ಇನ್ನೊಬ್ಬರ ಶ್ವಾಸಕೋಶವನ್ನು ಸೇರುತ್ತವೆ. ತಟ್ಟೆ, ಬಟ್ಟೆ, ಕೈಕುಲುಕುವಿಕೆ, ಒಂದೇ ಶೌಚಾಲಯದ ಬಳಕೆ ಇವು ಯಾವುವೂ ಕ್ಷಯವನ್ನು ಹರಡುವುದಿಲ್ಲ.

ಹೀಗೆ ಒಳಸೇರಿದ ರೋಗಾಣು ಕೂಡಲೇ ಕಾಯಿಲೆ ತರುವುದು ಅಪರೂಪ. ಹೆಚ್ಚಿನವರಲ್ಲಿ ದೇಹದ ರೋಗನಿರೋಧಕ ಶಕ್ತಿ ಅದನ್ನು ಕಟ್ಟಿಹಾಕುತ್ತದೆ, ಅದು ಸುಪ್ತವಾಗಿ ಉಳಿಯುತ್ತದೆ. ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಅದರಲ್ಲಿಯೂ ದೊಡ್ಡ ಪಾಲು ಮೊದಲ ಎರಡು ವರ್ಷಗಳಲ್ಲಿಯೇ ಬರುತ್ತದೆ. ಆದರೆ ಐದು ವರ್ಷದೊಳಗಿನ ಮಕ್ಕಳು, ಎಚ್‌ಐವಿ ಸೋಂಕಿತರು, ಸಕ್ಕರೆ ಕಾಯಿಲೆಯವರು, ತೂಕ ತೀರಾ ಕಡಿಮೆಯಿರುವವರು, ಡಯಾಲಿಸಿಸ್‌ನಲ್ಲಿರುವವರು, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧಿ ಪಡೆಯುತ್ತಿರುವವರು ಮತ್ತು ಕಲ್ಲಿನ ದೂಳಿನಲ್ಲಿ ದುಡಿದು ಸಿಲಿಕೋಸಿಸ್ ಆದವರ ವಿಷಯದಲ್ಲಿ ಈ ಲೆಕ್ಕ ಸಲ್ಲುವುದಿಲ್ಲ. ಅವರ ಅಪಾಯ ಇದಕ್ಕಿಂತ ಬಹಳ ಹೆಚ್ಚು. ಸುಪ್ತ ಸೋಂಕು ಇರುವವರು ಕೆಮ್ಮುವುದೂ ಇಲ್ಲ, ಇತರರಿಗೆ ಹರಡುವುದೂ ಇಲ್ಲ. ಈ ಹಂತದಲ್ಲಿಯೇ ಅದನ್ನು ಹಿಡಿಯುವುದು ಕೆಳಗಿನ ಎಲ್ಲ ಕೆಲಸಗಳ ಗುರಿ.

## ಕೈಯಲ್ಲಿ ಇರಬೇಕಾದವು

ರೋಗಿಯ ಚಿಕಿತ್ಸಾ ಕಾರ್ಡ್ ಮತ್ತು ಅದರಲ್ಲಿರುವ ನಿಕ್ಷಯ್ ಸಂಖ್ಯೆ (ಸರ್ಕಾರದ ಕ್ಷಯ ದಾಖಲೆಯಲ್ಲಿ ರೋಗಿಯ ನೋಂದಣಿ ಸಂಖ್ಯೆ), ಮನೆಯವರೆಲ್ಲರ ಆಧಾರ್, ಮಕ್ಕಳ ತಾಯಿ ಕಾರ್ಡ್, ಯಾರಾದರೂ ಬೇರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಒಂದು ನೋಟ್‌ಪುಸ್ತಕ. ಮನೆಯಲ್ಲಿ ಸಾಧಾರಣ ಸರ್ಜಿಕಲ್ ಮಾಸ್ಕ್‌ಗಳು, ಆರೈಕೆ ಮಾಡುವವರಿಗೆ ಕೆಲವು ಎನ್-95 ಮಾಸ್ಕ್‌ಗಳು, ಕಫಕ್ಕೆ ಮುಚ್ಚಳವಿರುವ ಒಂದು ಡಬ್ಬಿ. ಸಂದೇಹ ಬಂದಾಗ ಕರೆ ಮಾಡಲು ರಾಷ್ಟ್ರೀಯ ಕ್ಷಯ ಸಹಾಯವಾಣಿ 1800-11-6666 ಇದೆ, ಕರೆ ಉಚಿತ.

## ಹಂತ 1: ಮೊದಲ ದಿನ — ರೋಗಿಯ ಮಾತ್ರೆ, ಮನೆಯ ಗಾಳಿ

ಮನೆಯವರನ್ನು ಕಾಪಾಡುವ ಅತ್ಯಂತ ಪರಿಣಾಮಕಾರಿ ಉಪಾಯ ರೋಗಿಯ ಚಿಕಿತ್ಸೆಯನ್ನು ಒಂದು ದಿನವೂ ತಡಮಾಡದೆ ಆರಂಭಿಸುವುದು. ಸರಿಯಾದ ಔಷಧಿ ದಿನವೂ ಹೊಟ್ಟೆಗೆ ಬಿದ್ದರೆ ಹರಡುವ ಶಕ್ತಿ ಬೇಗನೆ ಇಳಿಯುತ್ತದೆ. ಸಾಮಾನ್ಯ ಕ್ಷಯದಲ್ಲಿ ಎರಡು ವಾರಗಳ ನಂತರ ಅದು ಬಹುಮಟ್ಟಿಗೆ ಕಡಿಮೆಯಾಗಿರುತ್ತದೆ. ಔಷಧಿಗೆ ಬಗ್ಗದ ಕ್ಷಯದಲ್ಲಿ ಈ ಎರಡು ವಾರದ ಲೆಕ್ಕವನ್ನು ನಂಬಬಾರದು. ಆದ್ದರಿಂದಲೇ ಕಫದ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಯಲ್ಲಿ ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಪ್ರತಿರೋಧವಿದೆಯೇ ಎಂಬ ವಿವರವನ್ನು ಕೇಳಿ ಬರೆದುಕೊಳ್ಳಬೇಕು. ಈ ಒಂದು ಸಾಲಿನ ಮಾಹಿತಿ ಮುಂದೆ ಮನೆಯವರಿಗೆ ಯಾವ ಮಾತ್ರೆ ಕೊಡಬೇಕೆಂಬುದನ್ನು ನಿರ್ಧರಿಸುತ್ತದೆ.

ಅದೇ ಸಂಜೆಯೊಳಗೆ ರೋಗಿ ಮಲಗುವ ಜಾಗವನ್ನು ಬದಲಿಸಬೇಕು. ಎದುರುಬದುರಾಗಿ ಎರಡು ಕಿಟಕಿ, ಅಥವಾ ಒಂದು ಕಿಟಕಿ ಮತ್ತು ಎದುರಿಗೊಂದು ಬಾಗಿಲು ಇರುವ ಕೋಣೆ ಉತ್ತಮ. ಒಂದೇ ಕೋಣೆಯ ಮನೆಯಾದರೆ ಹಗಲು ಜಗಲಿಯಲ್ಲಿ ಅಥವಾ ಅಂಗಳದ ನೆರಳಿನಲ್ಲಿ ಕಳೆಯುವುದು, ರಾತ್ರಿ ರೋಗಿಯ ಹಾಸಿಗೆಯನ್ನು ಗಾಳಿ ಹೊರಹೋಗುವ ಕಡೆಗೆ ಹಾಕುವುದು ಸಾಧ್ಯ. ಟೇಬಲ್ ಫ್ಯಾನ್ ಇದ್ದರೆ ಅದರ ಗಾಳಿ ರೋಗಿಯನ್ನು ದಾಟಿ ಕಿಟಕಿಯತ್ತ ಹೋಗುವಂತಿರಬೇಕು, ರೋಗಿಯ ಕಡೆಯಿಂದ ಮಕ್ಕಳತ್ತ ಬೀಸುವಂತಿರಬಾರದು. ಕಿಟಕಿ ಮುಚ್ಚಿ ಎ.ಸಿ. ಹಾಕುವುದು ಅದೇ ಗಾಳಿಯನ್ನು ಮತ್ತೆ ಮತ್ತೆ ಸುತ್ತಿಸುತ್ತದೆ. ನೇರ ಬಿಸಿಲು ರೋಗಾಣುವನ್ನು ಕೊಲ್ಲುತ್ತದೆ. ಪರದೆ ಸರಿಸಲು ಇದೊಂದೇ ಕಾರಣ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಕಿಟಕಿ ತೆರೆದಿಡುವುದು ಕಷ್ಟವೆಂದು ನನಗೆ ಗೊತ್ತಿದೆ. ಹೊದಿಕೆಯನ್ನು ಹೆಚ್ಚಿಸಬಹುದು, ಮಳೆ ಹೊಡೆಯದ ಕಡೆಯ ಕಿಟಕಿಯನ್ನಾದರೂ ತೆರೆಯಬಹುದು. ಪೂರ್ತಿ ಮುಚ್ಚುವುದಕ್ಕಿಂತ ಅದು ಎಷ್ಟೋ ಮೇಲು.

ಮಾಸ್ಕ್ ವಿಷಯದಲ್ಲಿ ಗೊಂದಲ ಸಾಮಾನ್ಯ. ರೋಗಿ ಧರಿಸುವ ಸಾಧಾರಣ ಮಾಸ್ಕ್ ಹನಿಗಳನ್ನು ಹುಟ್ಟುವ ಜಾಗದಲ್ಲಿಯೇ ತಡೆಯುತ್ತದೆ. ಅದೇ ಮಾಸ್ಕ್ ಆರೋಗ್ಯವಂತರ ಮುಖದಲ್ಲಿದ್ದರೆ ಸೂಕ್ಷ್ಮ ಕಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಮೊದಲ ವಾರಗಳಲ್ಲಿ ಇತರರು ಹತ್ತಿರವಿದ್ದಾಗ ರೋಗಿ ಮಾಸ್ಕ್ ಹಾಕಬೇಕು. ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಆರೈಕೆ ಮಾಡುವವರು ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಧರಿಸಬೇಕು. ಕಫವನ್ನು ಮುಚ್ಚಳದ ಡಬ್ಬಿಯಲ್ಲಿ ಹಿಡಿದು, ಫಿನೈಲ್ ಅಥವಾ ಬ್ಲೀಚಿಂಗ್ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಶೌಚಾಲಯಕ್ಕೆ ಸುರಿಯಬೇಕು. ಕಾಗದದಲ್ಲಿ ಉಗುಳಿದ್ದನ್ನು ಸುಡಬಹುದು.

ರೋಗಿಯನ್ನು ಮನೆಯಿಂದ ಹೊರಗೆ ಕಳುಹಿಸುವ ಅಗತ್ಯವಿಲ್ಲ. 1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಅಧ್ಯಯನವು ಮನೆಯಲ್ಲಿಯೇ ಔಷಧಿ ಪಡೆದ ರೋಗಿಗಳನ್ನೂ ಸ್ಯಾನಿಟೋರಿಯಂನಲ್ಲಿ ಇರಿಸಿದ ರೋಗಿಗಳನ್ನೂ ಹೋಲಿಸಿ ನೋಡಿದಾಗ, ಮನೆಯಲ್ಲಿದ್ದವರ ಕುಟುಂಬಗಳಿಗೆ ಹೆಚ್ಚಿನ ಅಪಾಯವೇನೂ ಕಾಣಲಿಲ್ಲ. ಸೋಂಕು ಬಹುಪಾಲು ಹರಡಿರುವುದು ರೋಗ ಪತ್ತೆಯಾಗುವುದಕ್ಕೆ ಮುಂಚಿನ ತಿಂಗಳುಗಳಲ್ಲಿ. ಹೆಂಡತಿಗೆ ಕ್ಷಯ ಬಂದೊಡನೆ ಆಕೆಯನ್ನು ತವರಿಗೆ ಕಳುಹಿಸುವುದು ಈಗಲೂ ನಡೆಯುತ್ತದೆ. ಇದರಿಂದ ಆಕೆಯ ಚಿಕಿತ್ಸೆ ನಡುವೆ ನಿಲ್ಲುವ ಸಂಭವ ಹೆಚ್ಚುತ್ತದೆ. ತವರಿನ ಮಕ್ಕಳು ಹೊಸದಾಗಿ ಸೋಂಕಿಗೆ ತೆರೆದುಕೊಳ್ಳುತ್ತಾರೆ. ಗಂಡನ ಮನೆಯವರು ಮಾತ್ರ ತಮಗಿನ್ನು ಭಯವಿಲ್ಲವೆಂದು ತಪಾಸಣೆಯನ್ನೇ ಬಿಡುತ್ತಾರೆ. ಒಂದೇ ನಿರ್ಧಾರದಲ್ಲಿ ಮೂರು ಹಾನಿ.

## ಹಂತ 2: ಯಾರು ಯಾರು ಸಂಪರ್ಕಿತರು ಎಂಬ ಪಟ್ಟಿ

ರೋಗಿಯ ಚಿಕಿತ್ಸೆ ಆರಂಭವಾಗುವುದಕ್ಕೆ ಹಿಂದಿನ ಮೂರು ತಿಂಗಳಲ್ಲಿ ಒಂದೇ ಸೂರಿನಡಿ ಒಂದು ರಾತ್ರಿಯಾದರೂ ಮಲಗಿದವರು, ಇಲ್ಲವೇ ಹಗಲಿನಲ್ಲಿ ಪದೇ ಪದೇ ಅಥವಾ ಬಹಳ ಹೊತ್ತು ಒಟ್ಟಿಗೆ ಕಳೆದವರು ಮನೆಯ ಸಂಪರ್ಕಿತರು. ರೇಷನ್ ಕಾರ್ಡಿನಲ್ಲಿ ಹೆಸರಿರುವವರನ್ನಷ್ಟೇ ಬರೆಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಹೆರಿಗೆಗೆ ಬಂದು ಹೋದ ಮಗಳು ಮತ್ತು ಕೂಸು, ರಜೆಗೆ ಬಂದಿದ್ದ ಮೊಮ್ಮಕ್ಕಳು, ಹಾಸ್ಟೆಲಿನಿಂದ ವಾರಕ್ಕೊಮ್ಮೆ ಬರುವ ಮಗ, ದಿನವೂ ಬಂದು ಅಡುಗೆ ಮಾಡುವವರು ಎಲ್ಲರೂ ಪಟ್ಟಿಯಲ್ಲಿರಬೇಕು. ಪ್ರತಿ ಹೆಸರಿನ ಮುಂದೆ ವಯಸ್ಸು, ತೂಕ, ಸಕ್ಕರೆ ಕಾಯಿಲೆ ಇದೆಯೇ, ಗರ್ಭಿಣಿಯೇ, ಹಿಂದೆ ಕ್ಷಯ ಬಂದಿತ್ತೇ ಎಂದು ಬರೆದು ಆಶಾ ಕಾರ್ಯಕರ್ತೆಗೆ ಅಥವಾ ಕ್ಷಯ ಘಟಕದ ಮೇಲ್ವಿಚಾರಕರಿಗೆ ಕೊಡಬೇಕು. ಬೇರೆ ಊರಿಗೆ ಹೋದವರು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ತೋರಿಸಲು ರೋಗಿಯ ನಿಕ್ಷಯ್ ಸಂಖ್ಯೆಯನ್ನು ಅವರಿಗೆ ಕಳುಹಿಸಿ.

ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುತ್ತಿರುವ ರೋಗಿಯ ಮನೆಯವರಿಗೂ ಇದೇ ಸೌಲಭ್ಯವಿದೆ. 2012ರಿಂದ ಪ್ರತಿಯೊಂದು ಕ್ಷಯ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದು ಖಾಸಗಿ ವೈದ್ಯರಿಗೂ ಕಡ್ಡಾಯ. ತಿಳಿಸಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

## ಹಂತ 3: ಯಾರಿಗೂ ಈಗಾಗಲೇ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು

ಈ ಹಂತವನ್ನು ಹಾರಿ ಮುಂದಕ್ಕೆ ಹೋಗಬಾರದು. ಸುಪ್ತ ಸೋಂಕು ಕಾಯಿಲೆಯಾಗದಂತೆ ಕೊಡುವ ತಡೆ ಚಿಕಿತ್ಸೆಯಲ್ಲಿ ಒಂದೋ ಎರಡೋ ಔಷಧಿ ಇರುತ್ತದೆ. ಕಾಯಿಲೆಯ ಚಿಕಿತ್ಸೆಗೆ ಆರಂಭದಲ್ಲಿ ನಾಲ್ಕು ಔಷಧಿ ಬೇಕು. ಒಳಗೆ ಕಾಯಿಲೆ ಇರುವವರಿಗೆ ತಡೆ ಮಾತ್ರೆ ಮಾತ್ರ ಕೊಟ್ಟರೆ ರೋಗಾಣು ಆ ಔಷಧಿಗೆ ಒಗ್ಗಿಕೊಳ್ಳಬಹುದು, ಮುಂದೆ ಅದು ಆ ಔಷಧಿಗೆ ಬಗ್ಗದಿರಬಹುದು.

ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು, ಸಂಜೆಯ ಹೊತ್ತಿಗೆ ಏರುವ ಜ್ವರ, ತೂಕ ಇಳಿಕೆ, ರಾತ್ರಿ ಬೆವರುವುದು, ಕಫದಲ್ಲಿ ರಕ್ತ, ಎದೆ ನೋವು, ಕುತ್ತಿಗೆಯಲ್ಲಿ ಗಂಟು ಇವುಗಳ ಬಗ್ಗೆ ಕೇಳಬೇಕು. ಮನೆಯಲ್ಲಿ ಈಗಾಗಲೇ ಕ್ಷಯವಿರುವುದರಿಂದ, ಎರಡು ವಾರ ತುಂಬಲಿ ಎಂದು ಕಾಯುವುದಕ್ಕಿಂತ ಯಾವುದೇ ಹೊಸ ಕೆಮ್ಮನ್ನೂ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ಪುಟ್ಟ ಮಕ್ಕಳಲ್ಲಿ ಕೆಮ್ಮು ಇಲ್ಲದೆಯೂ ಕ್ಷಯ ಬರುತ್ತದೆ. ತೂಕ ಏರದಿರುವುದು, ಆಟ ಬಿಟ್ಟು ಮಂಕಾಗಿ ಕೂರುವುದು, ಬಿಟ್ಟು ಬಿಟ್ಟು ಬರುವ ಜ್ವರ ಇವೇ ಅವರಲ್ಲಿ ಸೂಚನೆಗಳು. ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆ ಕೆಳಗಿಳಿದಿದ್ದರೆ ಅಥವಾ ಅಡ್ಡಡ್ಡವಾಗಿ ಸಾಗಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು.

ಲಕ್ಷಣವಿಲ್ಲದವರಿಗೂ ಎದೆಯ ಎಕ್ಸ್-ರೇ ಸಾಧ್ಯವಿರುವ ಕಡೆ ಮಾಡಿಸಬೇಕು. ಯಾವ ತೊಂದರೆಯೂ ಇಲ್ಲದವರ ಎಕ್ಸ್-ರೇಯಲ್ಲಿ ಕ್ಷಯದ ಗುರುತು ಕಾಣುವುದುಂಟು. ಲಕ್ಷಣ ಇದ್ದರೆ ಅಥವಾ ಎಕ್ಸ್-ರೇಯಲ್ಲಿ ಸಂದೇಹ ಬಂದರೆ ಕಫ ಪರೀಕ್ಷೆ ಆಗಬೇಕು.

ಕಫ ಕೊಡುವುದರಲ್ಲಿಯೇ ಬಹಳ ಜನ ಸೋಲುತ್ತಾರೆ. ಪ್ರಯೋಗಾಲಯಕ್ಕೆ ಹೋಗುವುದು ಎಂಜಲು. ಬೆಳಗ್ಗೆ ಎದ್ದೊಡನೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅಂಗಳದಲ್ಲಿ ಅಥವಾ ಇತರರಿಂದ ದೂರ ಬಯಲಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಂಡು, ಎದೆಯ ಆಳದಿಂದ ಕೆಮ್ಮಿ ಡಬ್ಬಿಯಲ್ಲಿ ಹಿಡಿಯಬೇಕು. ಗಟ್ಟಿಯಾದ, ಲೋಳೆಯಂಥ ಒಂದು ಚಮಚದಷ್ಟು ಕಫ ಬೇಕು. ಶೌಚಾಲಯದಲ್ಲಿಯೋ ಮುಚ್ಚಿದ ಕೋಣೆಯಲ್ಲಿಯೋ ಕೆಮ್ಮಿ ಕಫ ತೆಗೆಯಬಾರದು. ಕಫ ಬಾರದ ಮಕ್ಕಳಿಗೆ ಬೇರೆ ವಿಧಾನಗಳಿವೆ, ಅವನ್ನು ಮಕ್ಕಳ ವೈದ್ಯರು ನೋಡಿಕೊಳ್ಳುತ್ತಾರೆ.

ಕೆಲವು ಕಡೆ ಕ್ಷಯಕ್ಕೆಂದು ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಮಾಡಿಸಲು ಹೇಳುವುದುಂಟು. ಆ ಪರೀಕ್ಷೆಗಳು ತಪ್ಪು ಫಲಿತಾಂಶ ಕೊಡುತ್ತವೆಂಬ ಕಾರಣಕ್ಕೆ ಭಾರತ ಸರ್ಕಾರ 2012ರಲ್ಲಿಯೇ ಅವನ್ನು ನಿಷೇಧಿಸಿದೆ. ಇಗ್ರಾ ಎಂಬ ರಕ್ತಪರೀಕ್ಷೆ ಇದಲ್ಲ. ಅದರ ಮಾತು ಮುಂದೆ ಬರುತ್ತದೆ.

## ಹಂತ 4: ಸುಪ್ತ ಸೋಂಕಿನ ಪರೀಕ್ಷೆ — ಯಾರಿಗೆ ಬೇಕು, ಯಾರಿಗೆ ಬೇಡ

ಐದು ವರ್ಷದೊಳಗಿನ ಮಕ್ಕಳಿಗೂ ಎಚ್‌ಐವಿ ಸೋಂಕಿತರಿಗೂ ಕಾಯಿಲೆ ಇಲ್ಲವೆಂದು ಖಚಿತವಾದರೆ ಸಾಕು, ಸುಪ್ತ ಸೋಂಕಿನ ಪರೀಕ್ಷೆಗೆ ಕಾಯದೆ ತಡೆ ಚಿಕಿತ್ಸೆ ಕೊಡಬೇಕೆಂದು ಭಾರತದ 2021ರ ಮಾರ್ಗಸೂಚಿ ಹೇಳುತ್ತದೆ. ಉಳಿದವರಿಗೆ ಪರೀಕ್ಷೆ ಲಭ್ಯವಿದ್ದರೆ ಮಾಡಬೇಕು. ಲಭ್ಯವಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆಯನ್ನು ತಡೆಹಿಡಿಯಬಾರದು. ಪರೀಕ್ಷೆ ಮೊಂಟೂ ಎಂಬ ಚರ್ಮಪರೀಕ್ಷೆಯಾಗಿರಬಹುದು, ಸಿವೈ-ಟಿಬಿ ಎಂಬ ಹೊಸ ಚರ್ಮಪರೀಕ್ಷೆಯಾಗಿರಬಹುದು, ಇಗ್ರಾ ರಕ್ತಪರೀಕ್ಷೆಯಾಗಿರಬಹುದು. ಚರ್ಮಪರೀಕ್ಷೆಯನ್ನು 48ರಿಂದ 72 ಗಂಟೆಯೊಳಗೆ ಆರೋಗ್ಯ ಸಿಬ್ಬಂದಿಯೇ ಅಳೆಯಬೇಕು. 72 ಗಂಟೆ ದಾಟಿದ ಮೇಲೆ ಹೋದರೆ ಆ ಪರೀಕ್ಷೆ ವ್ಯರ್ಥ. ಹಾಗಾಗಿ ಮೂರನೆಯ ದಿನ ಭಾನುವಾರವೋ ಹಬ್ಬವೋ ಬರುತ್ತದೆಯೇ ಎಂದು ಚುಚ್ಚಿಸಿಕೊಳ್ಳುವ ಮೊದಲೇ ನೋಡಿಕೊಳ್ಳಿ.

ಫಲಿತಾಂಶ ಪಾಸಿಟಿವ್ ಬಂದರೆ ಗಾಬರಿ ಬೇಡ. ಇದರರ್ಥ ರೋಗಾಣು ಒಳಗಿದೆ ಎಂದಷ್ಟೇ. ಕ್ಷಯ ಕಾಯಿಲೆ ಬಂದಿದೆ ಎಂದಲ್ಲ. ಹುಟ್ಟಿದಾಗ ಬಿಸಿಜಿ ಲಸಿಕೆ ಹಾಕಿಸಿದ್ದೇವೆ, ಆದ್ದರಿಂದ ಇದೆಲ್ಲ ಬೇಡ ಎಂಬ ವಾದವೂ ನಿಲ್ಲುವುದಿಲ್ಲ. ಬಿಸಿಜಿ ಪುಟ್ಟ ಮಕ್ಕಳನ್ನು ಮಿದುಳಿನ ಕ್ಷಯದಂಥ ತೀವ್ರ ರೂಪಗಳಿಂದ ಕಾಪಾಡುತ್ತದೆ. ದೊಡ್ಡವರಲ್ಲಿ ಶ್ವಾಸಕೋಶದ ಕ್ಷಯವನ್ನು ತಡೆಯಲು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

## ಹಂತ 5: ತಡೆ ಚಿಕಿತ್ಸೆ — ಆರಂಭಿಸುವುದು, ಮುಗಿಸುವುದು

ಆರೋಗ್ಯವಾಗಿರುವ ನಾನೇಕೆ ಮಾತ್ರೆ ನುಂಗಬೇಕು ಎಂಬ ಪ್ರಶ್ನೆ ಪ್ರತಿ ಮನೆಯಲ್ಲಿ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಮುಂದಿನ ಎರಡು ವರ್ಷದಲ್ಲಿ ಏಳಬಹುದಾದ ರೋಗಾಣುವನ್ನು ಅದು ಮಲಗಿರುವಾಗಲೇ ಕೊಲ್ಲಲು. ಮನೆಯ ಹಿರಿಯರು ಮೊದಲು ತಾವು ಒಪ್ಪಿಕೊಂಡರೆ ಉಳಿದವರು ತಾವಾಗಿ ಒಪ್ಪುವುದನ್ನು ನಾನು ಕಂಡಿದ್ದೇನೆ.

ಸಾಮಾನ್ಯವಾಗಿ ಎರಡು ಕ್ರಮಗಳು ಬಳಕೆಯಲ್ಲಿವೆ. ಒಂದು, ಐಸೋನಿಯಾಜಿಡ್ ಮಾತ್ರೆಯನ್ನು ಆರು ತಿಂಗಳು ದಿನವೂ ತೆಗೆದುಕೊಳ್ಳುವುದು. ಇನ್ನೊಂದು, ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ಅನ್ನು ಒಟ್ಟಿಗೆ ವಾರಕ್ಕೊಮ್ಮೆ, ಒಟ್ಟು 12 ಬಾರಿ ತೆಗೆದುಕೊಳ್ಳುವುದು. ವಾರದ ಕ್ರಮವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಕೊಡುವುದಿಲ್ಲ. ಪ್ರಮಾಣವನ್ನು ತೂಕದ ಮೇಲೆ ನಿರ್ಧರಿಸುವುದರಿಂದ ಅಣ್ಣನ ಮಾತ್ರೆಯನ್ನು ಅರ್ಧ ಮಾಡಿ ತಂಗಿಗೆ ಕೊಡುವ ಕೆಲಸ ಸಲ್ಲದು. ರೋಗಿಗೆ ಇರುವುದು ಔಷಧಿಗೆ ಬಗ್ಗದ ಕ್ಷಯವಾದರೆ ಈ ಎರಡೂ ಕ್ರಮಗಳನ್ನು ತಾವಾಗಿ ಆರಂಭಿಸಬಾರದು. ಅಂಥ ಮನೆಯವರಿಗೆ ಬೇರೆ ಔಷಧಿ ಬೇಕಾಗುತ್ತದೆ, ಅದನ್ನು ಜಿಲ್ಲಾ ಮಟ್ಟದ ತಜ್ಞರು ತೀರ್ಮಾನಿಸುತ್ತಾರೆ.

ಮಾತ್ರೆ ಆರಂಭಿಸುವ ಮೊದಲು ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದ ಸಂಗತಿಗಳಿವೆ. ಕಾಮಾಲೆ ಅಥವಾ ಯಕೃತ್ತಿನ ಬೇರೆ ತೊಂದರೆ ಇದೆಯೇ, ದಿನವೂ ಮದ್ಯಪಾನ ಇದೆಯೇ, ಕೈಕಾಲು ಜೋಮು ಹಿಡಿಯುತ್ತದೆಯೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುವು. ರಿಫಾಪೆಂಟಿನ್ ಹಲವು ಔಷಧಿಗಳ ಬಲವನ್ನು ತಗ್ಗಿಸುತ್ತದೆ. ಗರ್ಭನಿರೋಧಕ ಗುಳಿಗೆ ನುಂಗುವ ಹೆಂಗಸರು ಆ ತಿಂಗಳುಗಳಲ್ಲಿ ಕಾಂಡೋಮ್ ಅಥವಾ ಕಾಪರ್-ಟಿಯಂಥ ಬೇರೆ ವಿಧಾನವನ್ನು ಅನುಸರಿಸಬೇಕೆಂಬ ಮಾತನ್ನು ಅನೇಕರಿಗೆ ಯಾರೂ ಹೇಳುವುದೇ ಇಲ್ಲ. ಐಸೋನಿಯಾಜಿಡ್ ಜೊತೆ ನರಗಳ ರಕ್ಷಣೆಗೆ ಬಿ-6 ವಿಟಮಿನ್ ಮಾತ್ರೆಯನ್ನೂ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ.

ರಿಫಾಪೆಂಟಿನ್ ನುಂಗಿದ ದಿನ ಮೂತ್ರ ಕಿತ್ತಳೆ ಕೆಂಪಾಗುವುದು ಸಹಜ. ರಕ್ತವೆಂದು ಹೆದರಿ ನಿಲ್ಲಿಸಬಾರದು. ನಿಜವಾದ ಅಪಾಯದ ಸೂಚನೆಗಳು ಬೇರೆ: ಕಣ್ಣು ಅಥವಾ ಚರ್ಮ ಹಳದಿಯಾಗುವುದು, ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗುವುದು, ನಿಲ್ಲದ ವಾಂತಿ, ಊಟವೇ ಬೇಡವೆನಿಸುವುದು, ಬಲಪಕ್ಕೆಯ ಮೇಲ್ಭಾಗದಲ್ಲಿ ನೋವು, ವಿಪರೀತ ಸುಸ್ತು, ಮೈಮೇಲೆ ದದ್ದು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆಯನ್ನು ನುಂಗದೆ ಅದೇ ದಿನ ವೈದ್ಯರನ್ನು ಕಾಣಬೇಕು. ಈ ತಿಂಗಳುಗಳಲ್ಲಿ ಮದ್ಯ ಪೂರ್ತಿ ವರ್ಜ್ಯ. ಕಾಮಾಲೆಗೆ ನಾಟಿ ಔಷಧಿ ಕುಡಿಸಿ ನೋಡೋಣ ಎಂದು ದಿನ ಕಳೆಯುವುದು ಪ್ರಾಣಕ್ಕೆ ಎರವಾಗಬಹುದು.

ವಾರದ ಮಾತ್ರೆಗೆ ವಾರದ ಒಂದು ದಿನವನ್ನು ನಿಗದಿ ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ 12 ದಿನಗಳಿಗೂ ಗುರುತು ಹಾಕಿ. ಸಂತೆಯ ದಿನವೋ ವ್ರತದ ದಿನವೋ ಆಗಿದ್ದರೆ ನೆನಪು ಸುಲಭ. ಮರೆತದ್ದು ಎರಡು ದಿನದೊಳಗೆ ನೆನಪಾದರೆ ಆಗಲೇ ನುಂಗಿ, ಮುಂದಿನ ಮಾತ್ರೆಗೆ ಮೊದಲು ನಿಗದಿ ಮಾಡಿದ ದಿನವನ್ನೇ ಮುಂದುವರಿಸಬಹುದು. ಅದಕ್ಕಿಂತ ತಡವಾಗಿದ್ದರೆ ನೆನಪಾದ ದಿನ ನುಂಗಿ, ಮುಂದೆ ಪ್ರತಿ ವಾರ ಅದೇ ದಿನ ನುಂಗಬೇಕು. ಬಿಟ್ಟದ್ದನ್ನು ಸರಿದೂಗಿಸಲು ಒಂದೇ ದಿನ ಎರಡು ಪಾಲು ನುಂಗುವುದು ಅಪಾಯಕರ. ಹಲವು ಬಾರಿ ತಪ್ಪಿದ್ದರೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ. ಅವರು ಬಯ್ಯುವರೆಂದು ಮಾತ್ರೆಯ ಖಾಲಿ ಪಟ್ಟಿ ತೋರಿಸಿ ಮುಗಿಯಿತು ಎನ್ನುವುದರಿಂದ ಕೆಡುವುದು ನಿಮ್ಮ ಆರೋಗ್ಯವೇ.

ಹಾಲೂಡಿಸುವ ತಾಯಿಗೆ ಕ್ಷಯವಿದ್ದರೆ ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ಕ್ಷಯ ಹಾಲಿನ ಮೂಲಕ ಹರಡುವುದಿಲ್ಲ. ತಾಯಿ ಮಾಸ್ಕ್ ಧರಿಸಿ ಹಾಲೂಡಿಸಬೇಕು, ಕೂಸಿಗೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು ತಡೆ ಔಷಧಿ ಕೊಡಿಸಬೇಕು.

## ಹಂತ 6: ಮನೆಯವರೆಲ್ಲರ ಊಟ

ರೋಗಿಗೆ ಮೊಟ್ಟೆ ಹಾಲು ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಉಳಿದವರ ತಟ್ಟೆಯೂ ಅಷ್ಟೇ ಮುಖ್ಯವೆಂಬುದು ಇತ್ತೀಚೆಗೆ ಗಟ್ಟಿಯಾಗಿ ಸಾಬೀತಾಗಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮನೆಯ ಸಂಪರ್ಕಿತರಿದ್ದರು. ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆಗಳನ್ನು ಹೆಚ್ಚುವರಿಯಾಗಿ ಪಡೆದ ಕುಟುಂಬಗಳಲ್ಲಿ ಹೊಸ ಕ್ಷಯ ಪ್ರಕರಣಗಳು ಶೇ. 39ರಷ್ಟು ಕಡಿಮೆಯಾದವು. ಔಷಧಿಯಲ್ಲ, ಊಟ ಮಾಡಿದ ಕೆಲಸವಿದು.

ನಮ್ಮಲ್ಲಿ ದುಬಾರಿಯಲ್ಲದ ದಾರಿಗಳಿವೆ. ಮುದ್ದೆಯ ಜೊತೆ ನೀರುಸಾರಿನ ಬದಲು ಹುರುಳಿ ಅಥವಾ ಅವರೆಕಾಳಿನ ಗಟ್ಟಿ ಸಾರು, ಒಂದು ಹಿಡಿ ಕಡಲೆಕಾಯಿ, ಮೊಟ್ಟೆ, ಕರಾವಳಿಯಾದರೆ ಬೂತಾಯಿ ಮೀನು. ಮನೆಯಲ್ಲಿ ಕೊನೆಗೆ ಉಣ್ಣುವ ಹೆಂಗಸರ ಪಾಲನ್ನು ಮೊದಲೇ ತೆಗೆದಿಡಬೇಕು. ಆರೈಕೆಯ ಭಾರ ಹೊತ್ತವರೂ ಅತಿ ಕಡಿಮೆ ಉಣ್ಣುವವರೂ ಸಾಮಾನ್ಯವಾಗಿ ಅವರೇ. ನಿಕ್ಷಯ್ ಪೋಷಣ್ ಯೋಜನೆಯಡಿ 2024ರ ನವೆಂಬರ್‌ನಿಂದ ರೋಗಿಗೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ನಿಕ್ಷಯ್ ಮಿತ್ರರು (ಕ್ಷಯರೋಗಿಗಳಿಗೆ ನೆರವಾಗುವ ದಾನಿಗಳು) ಕೊಡುವ ಆಹಾರದ ಕಿಟ್ ಮನೆಯವರಿಗೂ ಸಿಗುವ ಅವಕಾಶವಿದೆ, ವಿಚಾರಿಸಿ. ಬೀಡಿ, ಸಿಗರೇಟು ಮತ್ತು ಸೌದೆ ಒಲೆಯ ಹೊಗೆಯೂ ಶ್ವಾಸಕೋಶವನ್ನು ಸೋಂಕಿಗೆ ಸಡಿಲಗೊಳಿಸುತ್ತವೆ. ಮೂವತ್ತು ದಾಟಿದವರೆಲ್ಲರೂ ಒಮ್ಮೆ ರಕ್ತದ ಸಕ್ಕರೆ ನೋಡಿಸಿಕೊಳ್ಳುವುದು ಇದೇ ಸುತ್ತಿನಲ್ಲಿ ಆಗಿಬಿಡಲಿ.

## ಹಂತ 7: ಎರಡು ವರ್ಷದ ನಿಗಾ

ತಡೆ ಚಿಕಿತ್ಸೆ ಮುಗಿದ ಮೇಲೆ 6, 12, 18 ಮತ್ತು 24ನೆಯ ತಿಂಗಳಲ್ಲಿ ಪ್ರತಿಯೊಬ್ಬರ ಲಕ್ಷಣಗಳನ್ನು ಮತ್ತೆ ವಿಚಾರಿಸಬೇಕು. ತಡೆ ಚಿಕಿತ್ಸೆ ಬೇಡವೆಂದವರಿಗೆ, ನಡುವೆ ಬಿಟ್ಟವರಿಗೆ ಈ ನಿಗಾ ಇನ್ನೂ ಅಗತ್ಯ. ಹೊರಗಿನವರು ನೆನಪಿಸಲಿ ಎಂದು ಕಾಯದೆ ನೋಟ್‌ಪುಸ್ತಕದಲ್ಲಿ ನಾಲ್ಕು ತಾರೀಖುಗಳನ್ನು ಮೊದಲೇ ಬರೆದು, ಆ ದಿನ ಎಲ್ಲರ ತೂಕವನ್ನೂ ಒಂದೇ ತಕ್ಕಡಿಯಲ್ಲಿ ನೋಡಿ ಗುರುತು ಹಾಕಿಕೊಳ್ಳಿ. ಕಾರಣವಿಲ್ಲದೆ ತೂಕ ಇಳಿದಿದ್ದರೆ, ಮಗುವಿನ ತೂಕ ಏರದಿದ್ದರೆ, ಕೆಮ್ಮು ಅಥವಾ ಜ್ವರ ಬಿಡದಿದ್ದರೆ ಮೂರನೆಯ ಹಂತಕ್ಕೆ ಮರಳಿ, ಕಫದ ಡಬ್ಬಿಯನ್ನು ಕೇಳಿ ಪಡೆಯಿರಿ. ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪನ್ನೋ ಆ್ಯಂಟಿಬಯೋಟಿಕ್ ಮಾತ್ರೆಯನ್ನೋ ಕೊಂಡು ಎರಡು ವಾರ ನೋಡುವುದು ಬೇಡ. ಕೆಲವು ಆ್ಯಂಟಿಬಯೋಟಿಕ್‌ಗಳು ಕ್ಷಯದ ರೋಗಾಣುವನ್ನು ಸ್ವಲ್ಪ ಕಾಲ ಅದುಮಿ ಪರೀಕ್ಷೆಯಲ್ಲಿ ಸಿಗದಂತೆ ಮಾಡುತ್ತವೆ. ಆರೋಗ್ಯ ಕೇಂದ್ರಕ್ಕೆ ಹೋದಾಗ ಮೊದಲು ಹೇಳಬೇಕಾದ ಮಾತು, ನಮ್ಮ ಮನೆಯಲ್ಲಿ ಇಂಥ ವರ್ಷ ಒಬ್ಬರಿಗೆ ಕ್ಷಯ ಬಂದಿತ್ತು ಎಂಬುದು. ವೈದ್ಯರು ಯಾವ ಪರೀಕ್ಷೆ ಬರೆಯುತ್ತಾರೆಂಬುದು ಬಹುಪಾಲು ಈ ಮಾತಿನ ಮೇಲೆ ನಿಂತಿರುತ್ತದೆ.